ಲ್ಯಾಬಿನ ಬೀರುವಿನಲ್ಲಿದ್ದ ಇತಿಹಾಸ

ನಮ್ಮ ಕಾಲದಲ್ಲಿ ಬಿ.ಎ.ಗೆ ಸೈಕಾಲಜಿ ತಗೊಂಡವರನ್ನು ಕಂಡರೆ ಎಲ್ಲರದ್ದೂ ಒಂದೇ ಪ್ರಶ್ನೆ: "ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ?" ಹಾಸ್ಟೆಲ್ಲಿನ ಅಡುಗೆ ಭಟ್ಟರೂ ಬಿಡಲಿಲ್ಲ. ಅಂಥ ವಿದ್ಯೆ ಏನೂ ನಮಗೆ ಬರಲಿಲ್ಲ. ಬಂದದ್ದು ಸ್ಟಾಪ್‌ವಾಚ್ ಹಿಡಿಯೋದು, ಗ್ರಾಫ್ ಹಾಕೋದು, ಮತ್ತೆ ಯಾರೇನು ಹೇಳಿದರೂ "ಅದು ಹೇಗೆ ಗೊತ್ತಾಯ್ತು?" ಅಂತ ಕೇಳೋದು.

ಮೊದಲ ಪೇಪರ್ ಇತಿಹಾಸದಿಂದ ಶುರುವಾಗುತ್ತಿತ್ತು. 1879, ಲೈಪ್‌ಜಿಗ್, ವಿಲ್ಹೆಲ್ಮ್ ವುಂಟ್, ಮೊದಲ ಪ್ರಯೋಗಾಲಯ. ಆಮೇಲೆ ಜೇಮ್ಸ್, ಫ್ರಾಯ್ಡ್, ವಾಟ್ಸನ್, ಗೆಸ್ಟಾಲ್ಟ್‌ನವರು. ಒಬ್ಬೊಬ್ಬರ ಮೇಲೂ ಒಂದೊಂದು ಟಿಪ್ಪಣಿ. ನಿಜ ಹೇಳಬೇಕಂದ್ರೆ ಬೋರು. ಮೈಸೂರಿನ ಕಥೆ ಬಂದಾಗ ಮಾತ್ರ ಕಿವಿ ನೆಟ್ಟಗಾಗುತ್ತಿತ್ತು. 1905ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ಬರೆದುಕೊಟ್ಟ ಬ್ರಜೇಂದ್ರನಾಥ ಸೀಲ್ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರ ಕಾಲದಲ್ಲೇ, 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಧ್ಯಯನಕ್ಕೆ ಹೆಸರಾದ ಸ್ಪಿಯರ್‌ಮನ್ ಹತ್ತಿರ ಕೆಲಸ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಅಂತ ರೇಡಿಯೋ ಕೇಂದ್ರ ನಡೆಸಿದವರೂ ಇವರೇ. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾಗಿ ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಗೆ ಮೊದಲ ನಿರ್ದೇಶಕರಾದವರು ಎಂ.ವಿ. ಗೋವಿಂದಸ್ವಾಮಿ, ಅವರು ಬೇರೆ. ಇಬ್ಬರನ್ನೂ ಒಬ್ಬರೇ ಮಾಡಿ ಬರೆಯದ ಬ್ಯಾಚೇ ಇಲ್ಲ ಅಂತ ನಮ್ಮ ಮೇಡಂ ನಗುತ್ತಿದ್ದರು.

ಲ್ಯಾಬಿಗೆ ಕಾಲಿಟ್ಟ ಮೇಲೆ ಇದೇ ಹೆಸರುಗಳಿಗೆ ಜೀವ ಬಂತು. ಅಲ್ಲೊಂದು ಕಬ್ಬಿಣದ ಬೀರು. ಅದರ ಒಂದೊಂದು ಖಾನೆಯಲ್ಲೂ ಒಂದೊಂದು ಕಾಲ ಕೂತಿತ್ತು. ಎರಡು ಗೆರೆಗಳಲ್ಲಿ ಯಾವುದು ಉದ್ದ ಅಂತ ಮೋಸ ಮಾಡುವ ಮ್ಯೂಲರ್-ಲಯರ್ ಹಲಗೆ 1889ರದ್ದು. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಎಬ್ಬಿಂಗ್‌ಹಾಸ್‌ನದು. ಆತ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಅಂತ 1885ರಲ್ಲಿ ಪುಸ್ತಕ ಬರೆದ. ಹಳೆಯ ಅರ್ಥದ ನಂಟು ಅಡ್ಡ ಬರಬಾರದು ಅಂತಲೇ ಅರ್ಥವಿಲ್ಲದ ಉಚ್ಚಾರಗಳು. ನಮ್ಮ ಪಟ್ಟಿಯಲ್ಲಿ 'ಗೂಬ್' ಅಂತ ಒಂದಿತ್ತು. ಕನ್ನಡದ ಹುಡುಗರಿಗೆ ಅದು ಗೂಬೆಯಲ್ಲದೆ ಇನ್ನೇನು? ಇಡೀ ಪಟ್ಟಿ ಮರೆತವನೂ ಅದೊಂದನ್ನು ಹೇಳುತ್ತಿದ್ದ. ಮೇಡಂ ಬೈಯಲಿಲ್ಲ. "ಇದನ್ನೇ ಡಿಸ್ಕಷನ್‌ನಲ್ಲಿ ಬರೀರಿ" ಅಂದರು.

ನನಗೆ ಬಹಳ ಇಷ್ಟವಾದದ್ದು ಮಿರರ್ ಡ್ರಾಯಿಂಗ್. ಹಲಗೆಯ ಮೇಲೆ ನಕ್ಷತ್ರದ ಆಕಾರದ ಪಟ್ಟಿ, ಎದುರಿಗೆ ಕನ್ನಡಿ, ಕೈ ಕಾಣದ ಹಾಗೆ ತಗಡಿನ ಮರೆ. ಕನ್ನಡಿ ನೋಡಿಕೊಂಡೇ ಕಡ್ಡಿಯನ್ನು ಪಟ್ಟಿಯ ಮೇಲೆ ಓಡಿಸಬೇಕು. ಆಚೀಚೆ ಸರಿದರೆ ಕೌಂಟರ್ 'ಟಿಕ್' ಅನ್ನುತ್ತದೆ. ಎಡಕ್ಕೂ ಬಲಕ್ಕೂ ಹೋಗುವಾಗ ತೊಂದರೆಯಿಲ್ಲ. ಮೂಲೆ ತಿರುಗಿಸಿ ಓರೆ ಗೆರೆಗೆ ಬಂದರೆ ಸಾಕು, ಮುಂದಕ್ಕೆ ಒತ್ತಿದ್ದು ಕನ್ನಡಿಯಲ್ಲಿ ಹಿಂದಕ್ಕೆ ಬರುತ್ತದೆ. ಕೈ ಅಲ್ಲೇ ನಡುಗುತ್ತಾ ನಿಂತುಬಿಡುತ್ತದೆ. ಟಿಕ್ ಟಿಕ್ ಟಿಕ್. ಮೊದಲು ಎಡಗೈ, ಆಮೇಲೆ ಬಲಗೈಗೆ ಅಭ್ಯಾಸ, ಮತ್ತೆ ಎಡಗೈ. ಅಭ್ಯಾಸವೇ ಮಾಡದ ಎಡಗೈಯ ತಪ್ಪೂ ಕಡಿಮೆಯಾಗಿರುತ್ತಿತ್ತು!

ಅದೇ ದಿನ ಮೇಡಂ ಎಚ್.ಎಂ. ಕಥೆ ಹೇಳಿದರು. ಮೂರ್ಛೆರೋಗ ತಡೆಯಲು 1953ರಲ್ಲಿ ಅಮೆರಿಕದ ಒಬ್ಬ ಯುವಕನ ಮಿದುಳಿನ ಎರಡೂ ಬದಿಯಿಂದ ಒಂದಿಷ್ಟು ಭಾಗ ತೆಗೆದರು. ಆಮೇಲೆ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಂದ ಕನ್ನಡಿಯಲ್ಲಿ ಇಂಥದೇ ನಕ್ಷತ್ರ ಬರೆಸಿದರು, ಮೂರು ದಿನ. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಯಿತು. ಅವನಿಗೆ ಮಾತ್ರ ಹಿಂದೆ ಇದನ್ನು ಮಾಡಿದ್ದೇ ನೆನಪಿರಲಿಲ್ಲ. ಅಂದರೆ ಕೈ ಕಲಿಯೋದೇ ಬೇರೆ, 'ನಾನು ಮಾಡಿದೆ' ಅಂತ ನೆನಪಿಟ್ಟುಕೊಳ್ಳೋದೇ ಬೇರೆ. ಒಬ್ಬನನ್ನೇ ನೋಡಿ ಏನು ಹೇಳಕ್ಕಾಗುತ್ತೆ ಅಂತ ಅಲ್ಲಿವರೆಗೆ ಕೇಸ್ ಸ್ಟಡಿಯನ್ನು ನಾವು ಹಗುರವಾಗಿ ಕಾಣುತ್ತಿದ್ದೆವು. ಹೆನ್ರಿ ಮೊಲೈಸನ್ ಅನ್ನುವ ಅವನ ಪೂರ್ತಿ ಹೆಸರು ಹೊರಬಂದದ್ದು 2008ರಲ್ಲಿ ಅವನು ತೀರಿಕೊಂಡ ಮೇಲೆ.

ಲ್ಯಾಬಿನಲ್ಲಿ ಜೋಡಿ ಜೋಡಿಯಾಗಿ ಕೂರುತ್ತಿದ್ದೆವು, ಒಬ್ಬರು ಎಕ್ಸ್‌ಪೆರಿಮೆಂಟರ್, ಇನ್ನೊಬ್ಬರು ಪ್ರಯೋಗಕ್ಕೆ ಒಳಗಾಗುವ ಸಬ್ಜೆಕ್ಟ್. ಫಲಿತಾಂಶ ಏನು ಬರಬೇಕು ಅಂತ ಇಬ್ಬರಿಗೂ ಮೊದಲೇ ಗೊತ್ತು. ಹಾಗಾಗಿ ಕೆಲವರ ಗ್ರಾಫ್ ಪಠ್ಯಪುಸ್ತಕಕ್ಕಿಂತ ಚೆನ್ನಾಗಿರುತ್ತಿತ್ತು! ಅಂಥ ರೆಕಾರ್ಡ್ ಕೈಗೆ ಬಂದರೆ ಮೇಡಂ "ಕುದುರೆ ಬಂತು" ಅನ್ನುತ್ತಿದ್ದರು. ಬರ್ಲಿನ್ನಿನ ಹಾನ್ಸ್ ಅನ್ನುವ ಕುದುರೆ ಅದು, ಗೊರಸು ಬಡಿದು ಲೆಕ್ಕ ಮಾಡುತ್ತೆ ಅಂತ ಹೆಸರಾಗಿತ್ತು. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಬರೋದಿಲ್ಲ ಅಂತ 1907ರಲ್ಲಿ ಆಸ್ಕರ್ ಫುಂಗ್ಸ್ಟ್ ತೋರಿಸಿಕೊಟ್ಟ. ಅದು ಲೆಕ್ಕ ಮಾಡುತ್ತಿರಲಿಲ್ಲ, ಕೇಳುವವನ ತಲೆ ಯಾವಾಗ ಅಲುಗಿತು ಅಂತ ನೋಡುತ್ತಿತ್ತು. ಮಾಡಿಸುವವರಿಗೂ ಮಾಡುವವರಿಗೂ ಯಾರಿಗೆ ಏನು ಕೊಟ್ಟಿದೆ ಅಂತ ಗೊತ್ತಿರದ ಹಾಗೆ ನಡೆಸುವ ಡಬಲ್ ಬ್ಲೈಂಡ್ ಪ್ರಯೋಗ ಯಾಕೆ ಬೇಕು ಅಂತ ನಮಗೆ ಅರ್ಥವಾದದ್ದು ಹೀಗೆ.

ರೆಕಾರ್ಡಿನ ಕೊನೆಗೆ 'ಇಂಟ್ರೋಸ್ಪೆಕ್ಟಿವ್ ರಿಪೋರ್ಟ್' ಅಂತ ನಾಲ್ಕು ಸಾಲು ಇರುತ್ತಿತ್ತು, ಪ್ರಯೋಗದ ಹೊತ್ತಿನಲ್ಲಿ ಸಬ್ಜೆಕ್ಟ್‌ಗೆ ಏನನ್ನಿಸಿತು ಅಂತ. ವುಂಟ್ ಕಾಲದ ಪಳೆಯುಳಿಕೆ. ಒಳಮನಸ್ಸಿನ ಮಾತು ವಿಜ್ಞಾನಕ್ಕೆ ಬೇಡ ಅಂತ ವಾಟ್ಸನ್ 1913ರಲ್ಲೇ ಹೇಳಿಬಿಟ್ಟಿದ್ದ. ಆದರೂ ನಮ್ಮ ರೆಕಾರ್ಡಿನಲ್ಲಿ ಅದು ಗಟ್ಟಿಯಾಗಿ ಕೂತಿತ್ತು. ಎಲ್ಲರೂ ಸುಮ್ನೆ 'ಪ್ರಯೋಗ ಆಸಕ್ತಿಕರವಾಗಿತ್ತು' ಅಂತ ನಕಲು ಮಾಡುತ್ತಿದ್ದರು. ನನಗಂತೂ ಇಡೀ ರೆಕಾರ್ಡಿನಲ್ಲಿ ಮತ್ತೆ ಓದಬೇಕು ಅನ್ನಿಸೋದು ಅದೊಂದೇ ಭಾಗ. ಈಗ ಆ ಲ್ಯಾಬಿನಲ್ಲಿ ಕೂರುವ ತಂಗಿ ತಮ್ಮಂದಿರೇ, ಕೌಂಟರ್ ನೋಡೋಕೆ ಮುಂಚೆಯೇ ಆ ನಾಲ್ಕು ಸಾಲು ಬರೆದುಬಿಡಿ. ತಪ್ಪು ಎಷ್ಟಾಯ್ತು ಅಂತ ಗೊತ್ತಾದ ಮೇಲೆ ಅನ್ನಿಸಿದ್ದೂ ಬದಲಾಗಿಬಿಡುತ್ತೆ.