ಕರಿ ಕೋಟು ಎಲ್ಲಿ ಹಾಕ್ತೀರಿ?

ಮಂಗಳೂರಿನ ಒಂದು ಕಾನೂನು ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಅದರ ಜೊತೆಗೆ ವಿದೇಶಕ್ಕೆ ಓದಲು ಹೋಗುವವರ ಕಾಗದಪತ್ರದ ಕೆಲಸವೂ ನನ್ನ ಮೇಜಿಗೇ ಬರುತ್ತದೆ. ಎಕ್ಸ್‌ಚೇಂಜ್ ಅರ್ಜಿ, ಶಿಫಾರಸು ಪತ್ರ, ಟ್ರಾನ್ಸ್‌ಕ್ರಿಪ್ಟ್, ಅಪ್ಪ ಅಮ್ಮನ ಅನುಮಾನಗಳು, ಎಲ್ಲವೂ. ಬಂದವರು ಮೊದಲು ಕೇಳುವುದು ಹೆಚ್ಚಾಗಿ ಒಂದೇ: "ಮೇಡಂ, ಲಂಡನ್ ಒಳ್ಳೆಯದಾ, ಅಮೆರಿಕ ಒಳ್ಳೆಯದಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನೇ ತಿರುಗಿ ಕೇಳುತ್ತೇನೆ: "ಓದಿ ಮುಗಿದ ಮೇಲೆ ಕರಿ ಕೋಟು ಎಲ್ಲಿ ಹಾಕ್ತೀಯ?"

ಇಂಜಿನಿಯರಿಂಗ್ ಮಕ್ಕಳಿಗೆ ಈ ಪ್ರಶ್ನೆ ಬೇಡ. ಸುರತ್ಕಲ್‌ನಲ್ಲಿ ಕಲಿತ ಥರ್ಮೋಡೈನಮಿಕ್ಸ್ ಜರ್ಮನಿಯಲ್ಲೂ ಅದೇ. ಕಾನೂನು ಹಾಗಲ್ಲ. ಗಡಿ ದಾಟಿದರೆ ಕಾಯ್ದೆ ಬೇರೆ, ಕೋರ್ಟಿನ ರೀತಿ ಬೇರೆ, ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಕೊಡುವವರೂ ಬೇರೆ. ಕೋಟು ಎಲ್ಲಿ ಅಂತ ಗೊತ್ತಾದರೆ ಯಾವಾಗ ಹೋಗಬೇಕು, ಎಷ್ಟು ದಿನಕ್ಕೆ ಹೋಗಬೇಕು, ಏನು ಓದಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಪಿಯುಸಿ ಆದ ಕೂಡಲೇ ಇಂಗ್ಲೆಂಡಿಗೆ ಎಲ್‌ಎಲ್‌ಬಿಗೆ ಹೋಗಬೇಕು ಅನ್ನುವವರ ವಿಷಯ ನೋಡಿ. ಅಪ್ಪ ಕುವೈತ್‌ನಲ್ಲೋ ದುಬೈಯಲ್ಲೋ ಇರುತ್ತಾರೆ. ಅಮ್ಮ, ಮಗಳು ಬಂದು ಕೂರುತ್ತಾರೆ. ಏಜೆನ್ಸಿಯವರು ಕೊಟ್ಟ ಬಣ್ಣಬಣ್ಣದ ಪುಸ್ತಕ ಕೈಯಲ್ಲಿ. ಅದರಲ್ಲಿ ಹಾಸ್ಟೆಲ್ ಕಿಟಕಿಯಿಂದ ಕಾಣುವ ನದಿಯೂ ಉಂಟು, ಒಂದು ಲೆಕ್ಕ ಮಾತ್ರ ಇಲ್ಲ. ನಮ್ಮಲ್ಲಿ ವಕೀಲರಾಗಬೇಕಾದರೆ ಪಿಯುಸಿ ಆದ ಮೇಲೆ ಐದು ವರ್ಷ ಓದಬೇಕು, ಇಲ್ಲವೇ ಡಿಗ್ರಿ ಮುಗಿಸಿ ಮೂರು ವರ್ಷ. ಇಂಗ್ಲೆಂಡಿನಲ್ಲಿ ಪಿಯುಸಿ ಆದ ಮೇಲೆ ಮೂರೇ ವರ್ಷ. ಹಾಗಾಗಿ ವಾಪಸ್ ಬಂದು ಇಲ್ಲಿ ಸನ್ನದು ಬೇಕೆಂದರೆ ವಕೀಲರ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಕಡಿಮೆ ಬಿದ್ದ ಓದನ್ನು ತುಂಬುವ ಎರಡು ವರ್ಷದ ಬ್ರಿಡ್ಜ್ ಕೋರ್ಸ್ ಕೇಳುತ್ತದೆ. ಆಮೇಲೆ ವಿದೇಶಿ ಪದವಿಯವರಿಗೆಂದೇ ಇರುವ ಅರ್ಹತಾ ಪರೀಕ್ಷೆ. ಅದಾದ ಮೇಲೆ ಎಲ್ಲರೂ ಬರೆಯುವ ಅಖಿಲ ಭಾರತ ಬಾರ್ ಪರೀಕ್ಷೆ. ಇಷ್ಟು ಹೇಳಿದಾಗ ಅಮ್ಮನ ಮುಖ ಬದಲಾಗುತ್ತದೆ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಮಗಳು ಅಲ್ಲೇ ಇರುವವಳಾದರೆ ಇದು ಸರಿಯಾದ ದಾರಿಯೇ. ಕೊನೆಗೆ ಮಂಗಳೂರಿನ ಬಲ್ಮಠದಲ್ಲಿ ಆಫೀಸು ತೆರೆಯುವ ಆಸೆ ಇದ್ದರೆ ಸುತ್ತು ಜಾಸ್ತಿ, ಅಷ್ಟೇ.

ಇನ್ನು ಎಕ್ಸ್‌ಚೇಂಜ್ ಸೆಮಿಸ್ಟರ್. ನನ್ನ ಹೆಚ್ಚಿನ ಹೊತ್ತು ಹೋಗುವುದು ಇದಕ್ಕೇ.

ಕೇಳಲು ಇದು ತುಂಬ ಸುಲಭ. ಎರಡು ಕಾಲೇಜು ಒಪ್ಪಂದ ಮಾಡಿಕೊಂಡಿರುತ್ತವೆ. ನೀವು ಇಲ್ಲಿಯ ಫೀಸು ಕಟ್ಟುತ್ತೀರಿ, ಅಲ್ಲಿ ಪಾಠ ಕೇಳುತ್ತೀರಿ, ಕ್ರೆಡಿಟ್ ತರುತ್ತೀರಿ. ಆದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ತಾನೇ ಒಂದು ವಿಶ್ವವಿದ್ಯಾಲಯ. ಯಾವ ವಿಷಯಕ್ಕೆ ಯಾವ ವಿಷಯ ಸಮ ಅಂತ ಅವರೇ ಕೂತು ತೀರ್ಮಾನಿಸಬಹುದು. ನಮ್ಮಂಥ ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿ ಬರುತ್ತವೆ. ಪಠ್ಯ ಅವರದ್ದು, ಪರೀಕ್ಷೆ ಅವರದ್ದು, ಅಂಕಪಟ್ಟಿಯೂ ಅವರದ್ದು. ಪ್ರಿನ್ಸಿಪಾಲರು ಕೈ ಕುಲುಕಿ ಫೋಟೋ ತೆಗೆಸಿಕೊಂಡ ಒಪ್ಪಂದದಿಂದ ಅಂಕಪಟ್ಟಿಯಲ್ಲಿ ಒಂದು ಸಾಲೂ ಬರುವುದಿಲ್ಲ. ವಿಶ್ವವಿದ್ಯಾಲಯದ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಅದೂ ಟಿಕೆಟ್ ಮಾಡುವ ಮೊದಲು.

ಹಾಜರಾತಿಯ ಮಾತೂ ಉಂಟು. ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ಪ್ರತಿ ವಿಷಯಕ್ಕೂ ಶೇ. 70ರಷ್ಟು ಹಾಜರಾತಿ ಇರಬೇಕು. ನಾಲ್ಕು ತಿಂಗಳು ಫ್ರಾನ್ಸಿನ ಲಿಯಾನ್‌ನಲ್ಲಿ ಕೂತವನ ಹೆಸರು ಇಲ್ಲಿಯ ರಿಜಿಸ್ಟರಿನಲ್ಲಿ ಹೇಗೆ ಬರೆಯುವುದು? "ಮೇಡಂ, ಅದೆಲ್ಲ ಬಂದ ಮೇಲೆ ನೋಡುವ" ಅನ್ನುವ ಹುಡುಗರು ಇದ್ದಾರೆ. ಬಂದ ಮೇಲೆ ನೋಡಿದರೆ ಕಾಣುವುದು ಒಂದು ಸೆಮಿಸ್ಟರ್ ಹಿಂದೆ ಬಿದ್ದದ್ದು.

ಯಾವ ಸೆಮಿಸ್ಟರಿನಲ್ಲಿ ಹೋಗುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಸಿವಿಲ್ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾನೂನು ಇರುವ ಸೆಮಿಸ್ಟರಿನಲ್ಲಿ ಹೊರಡಬೇಡಿ. ಅವುಗಳಿಗೆ ಸಮನಾದ ವಿಷಯ ಹೊರಗೆ ಸಿಗುವುದಿಲ್ಲ. 2024ರ ಜುಲೈ 1ರಿಂದ ಹೊಸ ಮೂರು ಕ್ರಿಮಿನಲ್ ಕಾನೂನುಗಳು ಬಂದಿವೆ. ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ನಾವೇ ಹೊಸ ಕಲಂ ನಂಬರುಗಳನ್ನು ಬಾಯಿಪಾಠ ಮಾಡುತ್ತಿರುವಾಗ ಪ್ಯಾರಿಸ್ಸಿನವರು ಎಂತ ಕಲಿಸುತ್ತಾರೆ? ಐಚ್ಛಿಕ ವಿಷಯಗಳು ಜಾಸ್ತಿ ಇರುವ ಸೆಮಿಸ್ಟರ್ ನೋಡಿ. ಅಂತಾರಾಷ್ಟ್ರೀಯ ವ್ಯಾಪಾರ, ಮಾನವ ಹಕ್ಕು, ಬೌದ್ಧಿಕ ಆಸ್ತಿ, ಪರಿಸರ. ಇವಕ್ಕೆ ಜೋಡಿ ಸಿಗುತ್ತದೆ.

ಅಂಕದ ಗೊಂದಲ ಇದಕ್ಕಿಂತ ತಮಾಷೆ. ಯುರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಇಸಿಟಿಎಸ್ (ಯುರೋಪಿನ ಸಾಮಾನ್ಯ ಅಳತೆ) ಕ್ರೆಡಿಟ್. ಅದನ್ನು ನಮ್ಮ ಕ್ರೆಡಿಟ್ಟಿಗೆ ಹೇಗೋ ಹೊಂದಿಸಬಹುದು. ಅಂಕ ಮಾತ್ರ ಹಾಗೆ ಜಗ್ಗುವುದಿಲ್ಲ. ಫ್ರಾನ್ಸಿನಲ್ಲಿ 20ಕ್ಕೆ ಅಂಕ. ಅಲ್ಲಿ 13 ಬಂದರೆ ಮಗು ಚೆನ್ನಾಗಿ ಓದಿದೆ ಅಂತ ಅರ್ಥ. 16 ದಾಟಿದರೆ ಅತ್ಯುತ್ತಮ. ನಮ್ಮವರು ಕ್ಯಾಲ್ಕುಲೇಟರ್ ಒತ್ತಿ ಶೇ. 65 ಅಂತ ಬರೆದುಬಿಡುತ್ತಾರೆ. ಜರ್ಮನಿಯ ಕಾನೂನು ಪರೀಕ್ಷೆಗಳಲ್ಲಿ 18ಕ್ಕೆ ಅಂಕ. ಅಲ್ಲಿಯ ರಾಜ್ಯ ಪರೀಕ್ಷೆಯಲ್ಲಿ 9 ಬಂದವರನ್ನು ದೊಡ್ಡ ಲಾ ಫರ್ಮ್‌ಗಳು ಹುಡುಕಿಕೊಂಡು ಬರುತ್ತವೆ. ಇಲ್ಲಿಯ ಲೆಕ್ಕದಲ್ಲಿ ಅದು ಶೇ. 50, ಅಂದರೆ ಸುಮ್ನೆ ಪಾಸು. ಆದ್ದರಿಂದ ಹೊರಡುವ ಮೊದಲೇ ಒಂದು ಕಾಗದ ಮಾಡಿಸುತ್ತೇನೆ. ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವುದಕ್ಕೆ ಸಮ, ಎಷ್ಟು ಕ್ರೆಡಿಟ್, ಅಲ್ಲಿಯ ಯಾವ ಅಂಕಕ್ಕೆ ಇಲ್ಲಿ ಎಷ್ಟು. ಕೆಳಗೆ ವಿದ್ಯಾರ್ಥಿ, ನಾವು, ಅವರು ಮೂವರ ಸಹಿ. ಯುರೋಪಿನವರು ಇದನ್ನು ಲರ್ನಿಂಗ್ ಅಗ್ರಿಮೆಂಟ್ ಅನ್ನುತ್ತಾರೆ. ಕರಾರು ಕಾನೂನು ಓದುವ ಮಕ್ಕಳಿಗೇ ಇದರ ಮಹತ್ವ ಬಿಡಿಸಿ ಹೇಳಬೇಕಾಗುತ್ತದೆ, ಅದೇ ವಿಚಿತ್ರ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು: ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳ ಮಕ್ಕಳಿಗೆ ಇಡೀ ಸೆಮಿಸ್ಟರಿಗಿಂತ ರಜೆಯ ಮೂರು ವಾರವೇ ವಾಸಿ. ಹಾಜರಾತಿಯ ತಲೆಬಿಸಿ ಇಲ್ಲ, ಅಂಕದ ಜಗಳ ಇಲ್ಲ, ಖರ್ಚೂ ಕಡಿಮೆ. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ 1923ರಿಂದ ನಡೆಯುವ ಅಂತಾರಾಷ್ಟ್ರೀಯ ಕಾನೂನು ಅಕಾಡೆಮಿಯ ಬೇಸಿಗೆ ಕೋರ್ಸ್ ನನಗೆ ಇಷ್ಟ. ಮೂರು ವಾರ ದೇಶದೇಶಗಳ ನಡುವಿನ ಕಾನೂನು, ಇನ್ನು ಮೂರು ವಾರ ಬೇರೆ ಬೇರೆ ದೇಶದ ಜನರ ನಡುವಿನ ವ್ಯಾಜ್ಯದ ಕಾನೂನು. ಬೇಕಾದ್ದನ್ನು ಆರಿಸಿಕೊಳ್ಳಬಹುದು. ಮೂಟ್ ಕೋರ್ಟ್, ಅಂದರೆ ವಿದ್ಯಾರ್ಥಿಗಳ ಅಣಕು ನ್ಯಾಯಾಲಯದ ಸ್ಪರ್ಧೆ, ಇಷ್ಟ ಇರುವವರಿಗೆ ಜೆಸ್ಸಪ್ ಇದೆ, ವಿಯೆನ್ನಾದ ವಿಸ್ ಮೂಟ್ ಇದೆ. ಅಲ್ಲಿಗೆ ಹೋಗಿ ಸೋತು ಬಂದವರೂ ತರಗತಿಯಲ್ಲಿ ಬೇರೆ ರೀತಿ ಪ್ರಶ್ನೆ ಕೇಳುತ್ತಾರೆ.

ಹೇಗ್‌ನ ಆ ಅಕಾಡೆಮಿ ಇರುವುದು ಪೀಸ್ ಪ್ಯಾಲೇಸ್ ಆವರಣದಲ್ಲಿ. ಅಂತಾರಾಷ್ಟ್ರೀಯ ನ್ಯಾಯಾಲಯ ಕೂರುವುದೂ ಅಲ್ಲೇ. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್ 1952ರಲ್ಲಿ ಆ ನ್ಯಾಯಾಲಯದ ನ್ಯಾಯಾಧೀಶರಾದರು. ನಮ್ಮ ಮಕ್ಕಳಿಗೆ ಅವರ ಹೆಸರು ಸಂವಿಧಾನ ಸಭೆಯ ಸಲಹೆಗಾರರು ಅಂತ ಒಂದು ಅಂಕದ ಪ್ರಶ್ನೆಗೆ ಮಾತ್ರ ಗೊತ್ತು. ನಾನು ಅವರ 1947ರ ಪ್ರವಾಸದ ಕಥೆ ಹೇಳುತ್ತೇನೆ. ಸಂವಿಧಾನದ ಕರಡು ಹಿಡಿದುಕೊಂಡು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. 'ಡ್ಯೂ ಪ್ರಾಸೆಸ್' (ನ್ಯಾಯಯುತ ಪ್ರಕ್ರಿಯೆ) ಎಂಬ ಮಾತನ್ನು ಇಟ್ಟುಕೊಳ್ಳಬೇಡಿ, ಅದರಿಂದ ಕೋರ್ಟುಗಳ ಮೇಲೆ ಹೊರೆ ಬೀಳುತ್ತದೆ, ಅಂತ ಫ್ರಾಂಕ್‌ಫರ್ಟರ್ ಸಲಹೆ ಕೊಟ್ಟರು. ಕೊನೆಗೆ ಜೀವ, ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಯಲ್ಲಿ ಆ ಮಾತು ಬರಲಿಲ್ಲ. ಜಪಾನಿನ ಸಂವಿಧಾನದಲ್ಲಿದ್ದಂಥ 'ಕಾನೂನು ಸ್ಥಾಪಿಸಿದ ಪ್ರಕ್ರಿಯೆ' ಬಂತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ಪ್ರಕ್ರಿಯೆ ನ್ಯಾಯಯುತವೂ ಆಗಿರಬೇಕು ಅಂದಾಗ, ಬಿಟ್ಟ ಮಾತಿನ ಸಾರ ಹಿಂದಿನ ಬಾಗಿಲಿನಿಂದ ಒಳಗೆ ಬಂತು. ಇನ್ನೊಂದು ದೇಶದ ಕಾನೂನು ನೋಡಿ ಬರುವುದೆಂದರೆ ಈ ರೀತಿಯ ಕೆಲಸ. ಅವರಲ್ಲಿ ಏನು ಕೆಟ್ಟಿದೆ ಅಂತ ಅವರಿಂದಲೇ ಕೇಳಿ ತಿಳಿಯುವುದು. ಈ ಪ್ರವಾಸದ ಫಲ ಸರಿಯೋ ತಪ್ಪೋ ಅಂತ ತರಗತಿಯಲ್ಲಿ ಪ್ರತಿ ವರ್ಷ ಜಗಳ ಆಗುತ್ತದೆ. ಆಗಲಿ.

ಹೊರಗೇ ಕೋಟು ಹಾಕುವವರ ವಿಷಯಕ್ಕೆ ಬಂದರೆ, ನ್ಯೂಯಾರ್ಕ್ ಬಾರ್ ಪರೀಕ್ಷೆಗೆ ಅಲ್ಲಿಯ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಬೇಕೇ ಬೇಕು ಅಂತ ಎಲ್ಲರೂ ನಂಬಿದ್ದಾರೆ. ಹಾಗೇನಿಲ್ಲ. ನಮ್ಮದೂ ಅವರಂತೆ ಇಂಗ್ಲೆಂಡಿನಿಂದ ಬಂದ ಕಾಮನ್ ಲಾ ಪದ್ಧತಿಯ ದೇಶ. ಪೂರ್ತಿ ಅವಧಿಯ ಕಾನೂನು ಪದವಿ ಇದ್ದರೆ ಅದರ ಮೇಲೆಯೇ ಪರೀಕ್ಷೆಗೆ ಕೂರಲು ಅವಕಾಶ ಸಿಗಬಹುದು. ಪದವಿಯನ್ನು ಅಲ್ಲಿಯ ಮಂಡಳಿ ಮೊದಲೇ ಪರಿಶೀಲಿಸಬೇಕು. ಕೊರತೆ ಇದೆ ಅಂದರೆ ಆಗ ಎಲ್‌ಎಲ್‌ಎಂ ಯೋಚಿಸಿ. ಇಂಗ್ಲೆಂಡಿನಲ್ಲಿ 2021ರಿಂದ ಸಾಲಿಸಿಟರ್ (ಅಲ್ಲಿಯ ಒಂದು ಬಗೆಯ ವಕೀಲ) ಆಗಲು ಎಸ್‌ಕ್ಯೂಇ ಅನ್ನುವ ಪರೀಕ್ಷೆ ಬಂದಿದೆ. ಇಲ್ಲಿ ಸನ್ನದು ಪಡೆದ ವಕೀಲರಿಗೆ ಅಲ್ಲಿಯ ಎರಡು ವರ್ಷದ ಕೆಲಸದ ಅನುಭವದ ಷರತ್ತಿನಿಂದ ವಿನಾಯಿತಿ ಉಂಟು. ಮೊದಲ ಹಂತವನ್ನು ಭಾರತದಲ್ಲೇ ಬರೆಯಬಹುದು. ಪರೀಕ್ಷೆ ಪಾಸಾದರೆ ಕೆಲಸದ ವೀಸಾ ಬರುತ್ತದೆ ಅಂತ ಮಾತ್ರ ಯಾರೂ ತಿಳಿಯಬೇಡಿ. ಅದೇ ಬೇರೆ, ಇದೇ ಬೇರೆ.

"ನಾನು ಮಂಗಳೂರಿನಲ್ಲೇ ಪ್ರಾಕ್ಟೀಸ್ ಮಾಡ್ತೇನೆ ಮೇಡಂ, ಹಾಗಾದ್ರೆ ನನಗೆ ವಿದೇಶ ಯಾಕೆ?" ಅಂತ ಕೇಳುವವರು ಕಡಿಮೆ. ಕೇಳಿದರೆ ನನಗೆ ಖುಷಿ. ಯಾಕೆಂದರೆ ಇಲ್ಲಿಯ ಕೋರ್ಟಿನ ಕಟ್ಟೆಗೆ ವಿದೇಶವೇ ನಡೆದುಕೊಂಡು ಬರುತ್ತಿದೆ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಂನ ಪಟ್ಟಿಗೆ ಸೇರಿಸಿತು. ಅಂದರೆ ಹಣ ಕೊಡಬೇಕೆಂಬ ದುಬೈ ಕೋರ್ಟಿನ ಡಿಕ್ರಿಯನ್ನು (ತೀರ್ಪಿನ ಆದೇಶವನ್ನು) ಇಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿಗೆ ಹಾಕಬಹುದು. ಅಲ್ಲಿ ಸಾಲ ಮಾಡಿ ಊರಿಗೆ ಬಂದವರು ಬಂಟ್ವಾಳ, ಕಾಪು, ಕುಂದಾಪುರದಲ್ಲಿ ಎಷ್ಟಿಲ್ಲ? 2010ರ ಮೇ 22ರಂದು ಬಜ್ಪೆಯಲ್ಲಿ ವಿಮಾನ ದುರಂತವಾಗಿ 158 ಜನ ತೀರಿಕೊಂಡಾಗ, ಪರಿಹಾರದ ಪ್ರಶ್ನೆ ನಿಂತದ್ದು ವಿಮಾನ ಪ್ರಯಾಣದ ಪರಿಹಾರದ ಬಗೆಗಿನ ಅಂತಾರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಮೇಲೆ. ಆ ಒಪ್ಪಂದವನ್ನು ಅದಕ್ಕೆ ಮೊದಲು ಇಲ್ಲಿ ಎಷ್ಟು ಜನ ಬಿಡಿಸಿ ಓದಿದ್ದರು? ಪಣಂಬೂರಿನಲ್ಲಿ ಬಂದರು ಇದೆ. 2017ರ ಅಡ್ಮಿರಾಲ್ಟಿ ಕಾಯ್ದೆ ಹಡಗಿನ ವ್ಯಾಜ್ಯ ಕೇಳುವ ಅಧಿಕಾರವನ್ನು ಕರ್ನಾಟಕ ಹೈಕೋರ್ಟಿಗೂ ಕೊಟ್ಟಿದೆ. ಹೀಗಿರುವಾಗ ಇಲ್ಲಿಯವರು ಹಡಗಿನ ಕಾನೂನು ಓದಲು ಸೌತಾಂಪ್ಟನ್‌ಗೋ ಮಾಲ್ಟಾಕ್ಕೋ ಹೋದರೆ ಅದು ಊರಿನ ಕೆಲಸಕ್ಕೇ ಬರುತ್ತದೆ. ಆದರೆ ಹತ್ತರಲ್ಲಿ ಎಂಟು ಮಂದಿ ಕಾರ್ಪೊರೇಟ್ ಲಾ ಅಂತಲೇ ಬರೆದು ತರುತ್ತಾರೆ.

ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲೂ (ಯಾಕೆ ಓದಬೇಕು ಅಂತ ಬರೆದುಕೊಡುವ ಪತ್ರ) ಇದೇ ರೋಗ. "ಚಿಕ್ಕಂದಿನಿಂದಲೂ ನ್ಯಾಯದ ಬಗ್ಗೆ ಒಲವು" ಅಂತ ಶುರುವಾಗುತ್ತದೆ. ಆ ಸಾಲನ್ನು ಹೊಡೆದುಹಾಕಿ, "ನಿಮ್ಮ ಮನೆಯಲ್ಲಿ ಎಂತಾದ್ರೂ ಕೇಸ್ ಉಂಟಾ?" ಅಂತ ಕೇಳುತ್ತೇನೆ. ಒಬ್ಬಳ ಅಜ್ಜಿಮನೆಯಲ್ಲಿ ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿಯ, ಪಾಲಿನ ದಾವೆ ನಡೆದಿತ್ತು. ತಾಯಿಯ ಕಡೆಯಿಂದ ಬಂದ ಆಸ್ತಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅದರ ಗತಿ, ಅಕ್ಕತಂಗಿಯರ ವಾದ. ಅವಳಿಗೆ ಅದೆಲ್ಲ ಮನೆಯ ತಲೆನೋವು, ನಾಚಿಕೆಯ ವಿಷಯ. ಅದನ್ನೇ ಬರೆಸಿದೆ. ಸಂದರ್ಶನದಲ್ಲಿ ಆ ಪ್ರೊಫೆಸರ್ ಬೇರೇನೂ ಕೇಳದೆ ಅದನ್ನೇ ಕೇಳಿದರಂತೆ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಬ್ಯಾಂಕಿನವರು ಚೆನ್ನಾಗಿ ಹೇಳುತ್ತಾರೆ. ಜರ್ಮನಿಯಾದರೆ ಒಂದು ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು, ತಿಂಗಳಿಗೆ 992ರಂತೆ ಸಿಗುತ್ತದೆ. ಇದು 2024ರ ಸೆಪ್ಟೆಂಬರ್‌ನಿಂದ ಇರುವ ಮೊತ್ತ. ಅಮೆರಿಕದ ವೀಸಾ ಸಂದರ್ಶನಕ್ಕೆ ಚೆನ್ನೈ ರೈಲಿನ ಖರ್ಚನ್ನೂ ಸೇರಿಸಿಕೊಳ್ಳಿ. ಅಪಾಸ್ಟಿಲ್ (ವಿದೇಶಕ್ಕಾಗಿ ಸರ್ಕಾರದ ದಾಖಲೆ ದೃಢೀಕರಣ), ಟ್ರಾನ್ಸ್‌ಕ್ರಿಪ್ಟ್ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಸ್ಕಾಲರ್‌ಶಿಪ್ ಕೇಳಿ ಬರುವ ಫೈನಲ್ ಇಯರ್ ಮಕ್ಕಳಿಗೆ ಬ್ರಿಟನ್ನಿನ ಚೆವೆನಿಂಗ್ ಮೇಲೆ ಕಣ್ಣು. ಅದಕ್ಕೆ ಎರಡು ವರ್ಷದ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳಿ ಎರಡು ವರ್ಷ ಇರಬೇಕು. ಹಾಗಾಗಿ ಅವರನ್ನು ಕೊಡಿಯಾಲ್‌ಬೈಲಿನ ಯಾರಾದರೂ ಸೀನಿಯರ್ ವಕೀಲರ ಹತ್ತಿರ ಕಳಿಸುತ್ತೇನೆ. ದಿನಾ ಡೈರಿ ಬರೆಯಲು ಹೇಳುತ್ತೇನೆ. ಯಾವ ಕೇಸು, ಎಷ್ಟು ಗಂಟೆ, ನೀನು ಮಾಡಿದ್ದು ಏನು. ಸೀನಿಯರ್ ಶಿಫಾರಸು ಪತ್ರ ಬರೆಯಲು ಕೂತಾಗ ಅವರಿಗೂ ಆ ಡೈರಿಯೇ ಬೇಕಾಗುತ್ತದೆ.