ಯಾವ ಗ್ರಹಕ್ಕೆ ಹಾಕಿದ್ದು ಈ ಹರಳು?

ಮದುವೆಮನೆ ಪಂಕ್ತಿಯಲ್ಲಿ ಕೂತರೂ ಸರಿ, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಸರಿ, ನನ್ನ ಕೈ ನೋಡಿದವರ ಪ್ರಶ್ನೆ ಒಂದೇ: "ಯಾವ ಗ್ರಹಕ್ಕೆ ಹಾಕಿದ್ದು ತಂಗೀ?" ಬೆಳ್ಳಿ ಉಂಗುರದಲ್ಲಿ ಕೂರಿಸಿದ ನೇರಳೆ ಹರಳು, ಅಮೆಥಿಸ್ಟ್. "ಅಮ್ಮಮ್ಮಂದು" ಅಂದರೆ ಯಾರಿಗೂ ಸಮಾಧಾನವಿಲ್ಲ. ಹಾಗಾಗಿ ಪೂರ್ತಿ ಹೇಳಿಬಿಡುತ್ತೇನೆ.

ಅಮ್ಮಮ್ಮ ಹಾಕಿದ್ದು ಶನಿಗೆ. ನವರತ್ನದಲ್ಲಿ ಶನಿಗೆ ಹೇಳಿದ್ದು ನೀಲ. ಕೊಳೆರೋಗ ಬಂದು ಅಡಿಕೆಯೆಲ್ಲ ಉದುರಿದ ವರ್ಷ ನೀಲ ಎಲ್ಲಿಂದ ತರುವುದು? ಅಂಥವರಿಗೆಂದೇ ಉಪರತ್ನ ಅಂತ ಒಂದು ದಾರಿಯಿದೆ, ನೀಲದ ಬದಲಿಗೆ ಈ ಹರಳು. ಉತ್ತರದವರು ಕಟೇಲಾ, ಜಮುನಿಯಾ ಅನ್ನುತ್ತಾರೆ. ಕೈ ಬರಿದಾದವರಿಗೂ ಒಂದು ಹರಳಿರಲಿ ಅಂದುಕೊಂಡವರ ಮೇಲೆ ನನಗೆ ಬಹಳ ಗೌರವ. ಮರುವರ್ಷ ಫಸಲು ಬಂತು. ಅಡಿಕೆ ಮರ ಹತ್ತುವ ಕೊನೆಗೌಡ ಹೊತ್ತಿಗೆ ಸರಿಯಾಗಿ ಬೋರ್ಡೋ ಮದ್ದು ಹೊಡೆದದ್ದರಿಂದ ಅಂತ ಅಜ್ಜ, ಹರಳಿನಿಂದ ಅಂತ ಅಮ್ಮಮ್ಮ. ನಾನು ಅಜ್ಜನ ಕಡೆ. ಆದರೆ ಆ ಮಳೆಗಾಲ ಅಮ್ಮಮ್ಮನಿಗೆ ರಾತ್ರಿ ನಿದ್ದೆ ಬಂದದ್ದು ಹರಳಿನಿಂದಲೇ.

ಕಾರವಾರದ ಗೆಳತಿಯೊಬ್ಬಳು ಮಾತ್ರ ಗ್ರಹದ ಸುದ್ದಿ ಎತ್ತಲಿಲ್ಲ. "ಇದು ಬಿಷಪರ ಉಂಗುರದ ಕಲ್ಲಲ್ವಾ?" ಅಂದಳು. ಹೌದು, ಕ್ಯಾಥೊಲಿಕ್ ಬಿಷಪರು ತಲೆತಲಾಂತರದಿಂದ ತೊಟ್ಟದ್ದು ಇದನ್ನೇ. ಗ್ರೀಕರಿಗೆ ಈ ಬಣ್ಣದಲ್ಲಿ ಕಂಡದ್ದು ದ್ರಾಕ್ಷಾರಸ. ಅಮೆಥಿಸ್ಟ್ ಎಂಬ ಹೆಸರು ಹುಟ್ಟಿದ ಅವರ ಮಾತಿಗೆ 'ಅಮಲೇರದ್ದು' ಎಂದರ್ಥ. ತೊಟ್ಟರೆ ಕುಡಿದದ್ದು ತಲೆಗೇರದು ಎಂಬ ನಂಬಿಕೆ. ನಮಗೆ ಅದೇ ಬಣ್ಣದಲ್ಲಿ ಕಂಡದ್ದು ನೇರಳೆ ಹಣ್ಣು. ದ್ರಾಕ್ಷಾರಸದ ದೇವರು ಬಾಕಸ್ ಬೆನ್ನಟ್ಟಿದ ಕನ್ಯೆ ಬಿಳಿ ಕಲ್ಲಾದಳು, ಅವನು ಸುರಿದ ದ್ರಾಕ್ಷಾರಸದಿಂದ ಕಲ್ಲು ನೇರಳೆಯಾಯಿತು ಎಂಬ ಕತೆಯನ್ನು ಗ್ರೀಕ್ ಪುರಾಣ ಅಂತಲೇ ಎಲ್ಲರೂ ಹೇಳುತ್ತಾರೆ. ಅದನ್ನು ಕಟ್ಟಿದವನು ಫ್ರೆಂಚ್ ಕವಿ ರೆಮಿ ಬೆಲ್ಲೋ, 1576ರಲ್ಲಿ. ಕತೆ ಚೆಂದವಿದೆ, ಹೇಳುವಾಗ ಅವನ ಹೆಸರು ಬಿಡಬಾರದು.

ಕಲ್ಲು ಮಾತ್ರ ಬರೀ ಸ್ಫಟಿಕ. ಅದರೊಳಗೆ ಸೇರಿಕೊಂಡ ಚೂರು ಕಬ್ಬಿಣಕ್ಕೆ ಸುತ್ತಲಿನ ಬಂಡೆಯ ವಿಕಿರಣ ತಾಗಿ ತಾಗಿ ಈ ಬಣ್ಣ ಬಂದಿದೆ. ಒಂದು ಕಾಲಕ್ಕೆ ಮಾಣಿಕ್ಯದ ಸಾಲಿನಲ್ಲಿ ಕೂರುತ್ತಿತ್ತು. 19ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ರಾಶಿ ರಾಶಿ ಬಂದ ಮೇಲೆ ಬೆಲೆ ಇಳಿಯಿತು. ಇಳಿದದ್ದರಿಂದಲೇ ಅಮ್ಮಮ್ಮನ ಬೆರಳಿಗೂ ಬಂತು.

ಉಂಗುರವನ್ನು ನನ್ನ ಬೆರಳಿಗೆ ಸರಿಮಾಡಿಸಲು ಒಯ್ದಾಗ ಅಕ್ಕಸಾಲಿ ಶೇಟರು ಬೆಂಕಿ ಹಚ್ಚುವ ಮೊದಲು ಹರಳನ್ನು ಬಿಡಿಸಿ ಬಟ್ಟಲಲ್ಲಿಟ್ಟರು. ಹೆಚ್ಚು ಕಾದರೆ ನೇರಳೆ ಹೋಗಿ ಹಳದಿಯಾಗುತ್ತದೆ. ಪೇಟೆಯಲ್ಲಿ ಸಿಟ್ರಿನ್ ಅಂತ ಸಿಗುವ ಹಳದಿ ಹರಳಿನಲ್ಲಿ ಬಹಳಷ್ಟು ಹೀಗೆ ಕಾಯಿಸಿದ್ದೇ. ಬಿಡಿ ಹರಳನ್ನು ಭೂತಗನ್ನಡಿಯಲ್ಲಿ ನೋಡು ಅಂದರು. ಒಂದು ತುದಿ ಮುರುಗಲು ಹಣ್ಣಿನ ಸಿಪ್ಪೆಯಷ್ಟು ಗಾಢ, ಇನ್ನೊಂದು ತುದಿ ಹೆಚ್ಚುಕಡಿಮೆ ನೀರು. ನಡುವೆ ಓರೆಯಾಗಿ ಮೂರು ತೆಳು ಪಟ್ಟೆ. "ಗಾಜಾದ್ರೆ ಬಣ್ಣ ಎಲ್ಲ ಕಡೆ ಒಂದೇ ಥರ ಇರ್ತಿತ್ತು, ಗುಳ್ಳೆನೂ ಕಾಣ್ತಿತ್ತು" ಅಂದರು.

ಸ್ನಾನಕ್ಕೆ ಹೋಗುವಾಗ ಉಂಗುರ ತೆಗೆದು ಕಿಟಕಿಯಲ್ಲಿಟ್ಟರೆ ಅಮ್ಮಮ್ಮ ಒಳಗಿನಿಂದಲೇ ಕೂಗುತ್ತಿದ್ದರು: "ಬಿಸಿಲಲ್ಲಿ ಇಡಡ, ಬಣ್ಣ ಹೋಗ್ತು!" ವರ್ಷಗಟ್ಟಲೆ ಬಿಸಿಲು ಬಿದ್ದರೆ ಈ ಬಣ್ಣ ಮಾಸುವುದು ನಿಜ. ಈಗಲೂ ಅದನ್ನು ಅವರ ಕುಂಕುಮದ ಭರಣಿಯ ಪಕ್ಕ, ಕಪಾಟಿನ ಒಳಗೇ ಇಡುತ್ತೇನೆ.