ಆಸ್ಪತ್ರೆ ಇದ್ದ ಮೇಲೂ ಕಾಡಿನ ಮದ್ದು ಯಾಕೆ?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಸೋಲಿಗ ಬುಡಕಟ್ಟಿನವರ ಹಾಡಿಗಳಲ್ಲಿ, ಆರೋಗ್ಯದ ಕೆಲಸಕ್ಕೆ ಓಡಾಡಿದವಳು ಅಂತ ಗೊತ್ತಾದರೆ ಸಾಕು, ಎಲ್ಲರೂ ಕೇಳುವುದು ಒಂದೇ. "ಅಲ್ಲಾ, ಆಸ್ಪತ್ರೆ ಬಂದ ಮೇಲೂ ಸೋಲಿಗರಿಗೆ ನಾರುಬೇರು, ಪೂಜೆ, ಹರಕೆ ಎಲ್ಲ ಯಾಕೆ ಬೇಕು?"

ನಿಮ್ಮ ಮನೆಯಲ್ಲಿ ಆಪರೇಷನ್‌ಗೆ ಮುಂಚೆ ಮುಡಿಪು ಕಟ್ಟಿಡಲಿಲ್ವಾ? ಬಾಣಂತಿಗೆ ಸಾಂಬ್ರಾಣಿ ಹೊಗೆ ಹಾಕಲಿಲ್ವಾ? ಅದನ್ನು ಮಾತ್ರ ಯಾರೂ ಪ್ರಶ್ನೆ ಮಾಡುವುದಿಲ್ಲ.

ಒಂದು ಹೆರಿಗೆ ನೆನಪಾಗುತ್ತದೆ. ಬೆಟ್ಟದ ಕೆಳಗಿನ ಒಂದು ಆಸ್ಪತ್ರೆ. ಸೋಲಿಗರ ಹುಡುಗಿ, ಮೊದಲ ಬಸುರಿ. ಎತ್ತರದ ಮಂಚದ ಮೇಲೆ ಅಂಗಾತ ಮಲಗಿಸಿದ್ದರು. ಅವರಲ್ಲಿ ಕುಕ್ಕರುಗಾಲಲ್ಲಿ ಕೂತು ಹೆರುವುದು ರೂಢಿ. ಹುಡುಗಿ ಎರಡು ಸಲ ಕೆಳಗಿಳಿಯಲು ನೋಡಿದಳು, ಎರಡು ಸಲವೂ ಗದರಿಸಿದರು. ಬೆನ್ನಿಗೆ ಒತ್ತು ಕೊಡಬೇಕಿದ್ದ ಅಜ್ಜಿ ಬಾಗಿಲ ಹೊರಗೆ, ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ಮಗು ಚೆನ್ನಾಗಿಯೇ ಹುಟ್ಟಿತು. ಆದರೆ ಮುಂದಿನ ಬಸುರಿಗೆ ಆಕೆ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ತಮಾಷೆ ನೋಡಿ, ಹೆರುವವಳು ತನಗೆ ಬೇಕಾದ ಹಾಗೆ ಇರಲಿ, ಕೂರಬೇಕೆಂದರೆ ಕೂರಲಿ ಅಂತ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು. ಅಜ್ಜಿಗೆ ಅದು ಮೊದಲೇ ಗೊತ್ತಿತ್ತು!

ಡಾ. ಎಚ್. ಸುದರ್ಶನ್ 1981ರಲ್ಲಿ ಬೆಟ್ಟದ ಮೇಲೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಅಲ್ಲಿ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ನರ್ಸ್ ತರಬೇತಿ ಕೊಟ್ಟರು. ನನ್ನ ಪ್ರಕಾರ ದೊಡ್ಡ ಮದ್ದು ಅದೇ. ತನ್ನ ಮಾತಾಡುವ, ತನ್ನ ಕುಲ ಗೊತ್ತಿರುವ ಹುಡುಗಿ ಸೂಜಿ ಹಿಡಿದು ಬಂದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಹಾಗಂತ ಎಲ್ಲದಕ್ಕೂ ಬೇರು ಅರೆಯಿರಿ ಎನ್ನುವವಳಲ್ಲ ನಾನು. ಹಾವು ಕಚ್ಚಿದರೆ ಆಂಟಿವೆನಮ್ಮೇ ಬೇಕು, ಅದರಲ್ಲಿ ಚೌಕಾಸಿ ಇಲ್ಲ. ಸೋಲಿಗರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಮೂಳೆ ಮುರಿದಂಥ ನೋವು. ಅದಕ್ಕೆ ರಕ್ತಪರೀಕ್ಷೆ ಬೇಕು, ಹೈಡ್ರಾಕ್ಸಿಯೂರಿಯಾ ಮಾತ್ರೆ ಬೇಕು. ಕೇಂದ್ರ ಸರ್ಕಾರ 2023ರಲ್ಲಿ ಇದಕ್ಕೆಂದೇ ಅಭಿಯಾನ ಶುರು ಮಾಡಿದೆ. ಆದರೆ ಮಾತ್ರೆ ಡಬ್ಬಿ ತಗೊಂಡು ಸುಮ್ನೆ ಪೋಡಿಗೆ ಹೋದರೆ ಮನೆಗಳೆಲ್ಲ ಖಾಲಿ. ಪೋಡಿನ ಹಿರಿಯ ಯಜಮಾನ ಪಕ್ಕದಲ್ಲಿ ಕೂತು "ಕೈ ಕೊಡು ಮಗ" ಅಂದ ದಿನ ಸಾಲು ನಿಲ್ಲುತ್ತದೆ.

ಇನ್ನು ಮದ್ದಿನ ವಿಷಯ. ಒಬ್ಬ ತಾತ ನನಗೆ ಕೆಮ್ಮಿನ ಬೇರು ತೋರಿಸುತ್ತೇನೆ ಅಂತ ಕರೆದುಕೊಂಡು ಹೋಗಿದ್ದ. ಹಿಂದೆ ಸೋಲಿಗರು ಬೇಸಿಗೆಗೆ ಮುಂಚೆ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ತಡೆ ಬಿತ್ತು, ಕಾಡೆಲ್ಲ ಲಂಟಾನ ಎನ್ನುವ ಮುಳ್ಳಿನ ಕಳೆಗಿಡ ಹಬ್ಬಿತು. 2011ರಲ್ಲಿ ಇದು ಹುಲಿ ಮೀಸಲು ಆಯಿತು. ಅದೇ ವರ್ಷ ಅವರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಲಂಟಾನ ಮಾತ್ರ ಹಾಗೇ ಇದೆ. ತಾತ ದೊಣ್ಣೆಯಿಂದ ಮುಳ್ಳು ಸರಿಸಿ, ಬಗ್ಗಿ, ಇನ್ನೊಂದು ಕಡೆ ಸರಿಸಿ ಹುಡುಕಿದ. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಇಲ್ಲೇ ಇತ್ತು ಕನವ್ವ."